ಗಿಲಾವಿಲ್ಲದ ಗೋಡೆ

ನಮ್ಮ ಮನೆಯಲ್ಲಿ ಚಿಂತೆ ಮಾಡುವ ಕೆಲಸ ನನ್ನದು. ಅವ್ವ ಅಡುಗೆ ಮಾಡುತ್ತಾಳೆ, ಅಪ್ಪ ಸೆಂಟ್ರಿಂಗ್ ಕಟ್ಟುತ್ತಿದ್ದ, ನಾನು ಚಿಂತೆ ಮಾಡುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಭಾಲ್ಕಿ ಬಸ್ ಸ್ಟ್ಯಾಂಡಿನಿಂದ ಎಷ್ಟೋ ಸಲ ಮನೆಗೆ ವಾಪಸು ಓಡಿ ಬಂದಿದ್ದೇನೆ. ಒಂದು ಸಲವೂ ಅದು ಹೊತ್ತಿರಲಿಲ್ಲ. ಬೀದರಿನಲ್ಲಿ ಸಿವಿಲ್ ಡಿಪ್ಲೊಮಾ ಓದಿ ಸೈಟ್ ಎಂಜಿನಿಯರ್ ಆದ ಮೇಲೆ ಈ ಗುಣಕ್ಕೆ ಒಂದು ಮರ್ಯಾದೆ ಬಂತು. ಸೈಟಿನಲ್ಲಿ ಚಿಂತೆ ಮಾಡುವವಳು ಒಬ್ಬಳು ಇರಬೇಕು ಎಂದು ಕಂಟ್ರಾಕ್ಟರರೇ ಹೇಳಿದರು.

ಅಪ್ಪ ಮೆಹಕರದವನು. ಸಣ್ಣ ವಯಸ್ಸಿನಲ್ಲೇ ಭಾಲ್ಕಿಗೆ ಬಂದು ಸೆಂಟ್ರಿಂಗ್ ಮೇಸ್ತ್ರಿಯಾದ. ಕಾಂಕ್ರೀಟ್ ಸುರಿಯುವ ಮೊದಲು ಅದಕ್ಕೊಂದು ಅಚ್ಚು ಬೇಕಲ್ಲ, ಹಲಗೆ ಮತ್ತು ಬಲ್ಲಿ ಎಂಬ ಮರದ ಕಂಬಗಳಿಂದ ಆ ಅಚ್ಚು ಕಟ್ಟುವುದು ಅವನ ಕೆಲಸ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅಚ್ಚನ್ನು ಬಿಚ್ಚಿ ಒಯ್ಯುತ್ತಾರೆ. ಹಾಗಾಗಿ ಅವನು ಕಟ್ಟಿದ್ದು ಯಾವುದೂ ಕಟ್ಟಡದಲ್ಲಿ ಉಳಿಯುವುದಿಲ್ಲ. ಇದರ ಬಗ್ಗೆ ಅವನಿಗೆ ಯಾವ ಬೇಸರವೂ ಇರಲಿಲ್ಲ. ನಾನು ಎಂಜಿನಿಯರ್ ಆದ ಹೊತ್ತಿಗೆ ಅವನ ಮೊಣಕಾಲು ಹಿಡಿದುಕೊಳ್ಳುತ್ತಿದ್ದವು, ಏಣಿ ಹತ್ತುವಾಗ ಮುಖ ಕಿವುಚುತ್ತಿದ್ದ. ನನ್ನ ಸೈಟಿನ ಈ ಒಂದು ಕೆಲಸ ಮುಗಿಸಿ ಸುತ್ತಿಗೆ ಕೆಳಗಿಡುತ್ತೇನೆ ಎಂದು ಅವನೇ ಹೇಳಿದ್ದ.

ಆ ಸೈಟು ಒಂದು ಚರ್ಚು. ಭಾಲ್ಕಿಯಿಂದ ಔರಾದ್ ಕಡೆ ಹೋಗುವಾಗ ಮಾಂಜ್ರಾ ನದಿ ದಾಟಿದ ಮೇಲೆ ತೊಗರಿ ಹೊಲಗಳ ನಡುವೆ ಒಂದು ದಿಣ್ಣೆಯಿದೆ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ಸಣ್ಣದೊಂದು ಆಶ್ರಮ. ಶಾಲೆ, ಆಸ್ಪತ್ರೆ ನಡೆಸುವ ಸಿಸ್ಟರ್‌ಗಳನ್ನು ನಾವೆಲ್ಲ ಕಂಡವರೇ. ಇವರು ಬೇರೆ. ಒಮ್ಮೆ ಒಳಗೆ ಬಂದವರು ಕಾಂಪೌಂಡ್ ದಾಟುವುದಿಲ್ಲ. ಹೆತ್ತ ತಾಯಿ ತೀರಿಕೊಂಡರೂ ಮಣ್ಣಿಗೆ ಹೋಗುವುದಿಲ್ಲ. ದಿನಕ್ಕೆ ಹಲವು ಸಲ ಪ್ರಾರ್ಥನೆ, ನಡುವೆ ತೋಟದ ಕೆಲಸ, ಹೊಲಿಗೆ ಕೆಲಸ. ಸಂಜೆಯ ಪ್ರಾರ್ಥನೆ ಮುಗಿದರೆ ಮರುದಿನ ಬೆಳಗಿನವರೆಗೆ ಮಾತಿಲ್ಲ. ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡಿಕೊಂಡಿದ್ದವರಿಗೆ ಈಗ ಒಂದು ಚರ್ಚು ಆಗಬೇಕಿತ್ತು.

ಇದನ್ನೆಲ್ಲ ಅಪ್ಪನಿಗೆ ಹೇಗೆ ಬಿಡಿಸಿ ಹೇಳುವುದು ಎಂದು ನಾನು ಎರಡು ದಿನ ಯೋಚಿಸಿದ್ದೆ. ಅವನು ಅರ್ಧಕ್ಕೇ ನಿಲ್ಲಿಸಿದ.

"ಮನಿ ಬಿಟ್ಟು ಬಂದಾರ. ಅಂದಮ್ಯಾಲ ಮಠ ಅಂತ ಹೇಳು. ಅದಕ್ಯಾಕ ಇಷ್ಟು ಪುರಾಣ?"

ಅವತ್ತಿನಿಂದ ಅದು ಅವನ ಬಾಯಲ್ಲಿ 'ಅಕ್ಕನೋರ ಮಠ' ಆಯಿತು. ನಮ್ಮ ಕಡೆ ಸಂಸಾರ ಬಿಟ್ಟು ಬಸವಣ್ಣನ ದಾರಿ ಹಿಡಿದ ಹೆಂಗಸರನ್ನು ಅಕ್ಕ ಅನ್ನುತ್ತಾರೆ. ಆ ಸಿಸ್ಟರ್‌ಗಳಿಗೂ ಆ ಹೆಸರು ಹಿಡಿಸಿತು.

ಮಠವೇನೋ ಅವನಿಗೆ ತಿಳಿಯಿತು, ಕಟ್ಟಡ ತಿಳಿಯಲಿಲ್ಲ. ಪುಣೆಯಿಂದ ಬಂದ ಆರ್ಕಿಟೆಕ್ಟ್ ಸಾಹೇಬರ ನಕ್ಷೆಯಲ್ಲಿ ಗೋಪುರವಿರಲಿಲ್ಲ, ಕಮಾನಿರಲಿಲ್ಲ, ಬಣ್ಣವಿರಲಿಲ್ಲ. ನಾಲ್ಕು ಕಾಂಕ್ರೀಟ್ ಗೋಡೆ, ಮೇಲೆ ಮಡಚಿದ ಕಾಗದದ ಹಾಗೆ ಮುರಿಮುರಿದು ಹೋಗುವ ಕಾಂಕ್ರೀಟ್ ಮಾಳಿಗೆ. ಪೂರ್ವದ ಗೋಡೆಯ ಒಂದು ಅಂಚಿಗೆ ನೆಲದಿಂದ ಮಾಳಿಗೆಯವರೆಗೆ ಸೀಳಿದಂತೆ ಒಂದು ಸಂದು, ಬೆಳಕು ಬರುವುದು ಅಲ್ಲಿಂದ ಮಾತ್ರ. ಆ ಗೋಡೆಯ ಮುಂದೆ ಬಲಿಪೀಠ. ಎಲ್ಲಕ್ಕಿಂತ ಮುಖ್ಯವಾಗಿ, ಗಿಲಾವ್, ಅಂದರೆ ಗೋಡೆಯ ಮೇಲೆ ಬಳಿಯುವ ಸಿಮೆಂಟಿನ ಪದರ, ಇಲ್ಲ. ಕಬ್ಬಿಣದ ಶೀಟಿನ ಬದಲು ಕಟ್ಟಿಗೆಯ ಹಲಗೆ ಬಳಸಬೇಕು, ಹಲಗೆಯ ಎಳೆ, ಗಂಟು ಎಲ್ಲ ಗೋಡೆಯ ಮೇಲೆ ಮೂಡಬೇಕು, ಗೋಡೆ ಹಾಗೇ ಇರಬೇಕು.

"ಹಲಗೆಯಲ್ಲಿ ಏನಿದೆಯೋ ಅದೇ ಗೋಡೆಗೆ ಬರುತ್ತದೆ," ಎಂದು ಸಾಹೇಬರು ಮೊದಲ ದಿನವೇ ಹೇಳಿದರು. "ತಪ್ಪಾದರೆ ತೇಪೆ ಹಾಕುವ ಹಾಗಿಲ್ಲ. ತೇಪೆ ಇನ್ನೂ ಅಸಹ್ಯ."

ಗಿಲಾವ್ ಅನ್ನುವುದು ಸಿವಿಲ್ ಕೆಲಸದವರ ಪಾಲಿನ ದೊಡ್ಡ ಪುಣ್ಯ. ಗೋಡೆ ಡೊಂಕಾಗಲಿ, ಕಾಂಕ್ರೀಟಿನಲ್ಲಿ ತೂತು ಬೀಳಲಿ, ಮೇಲೊಂದು ಕೈ ಸಿಮೆಂಟ್ ಎಳೆದರೆ ಎಲ್ಲ ಮುಚ್ಚಿಹೋಗುತ್ತದೆ. ಈಗ ಆ ಪುಣ್ಯವನ್ನೇ ಕಿತ್ತುಕೊಂಡಿದ್ದರು.

ಅಪ್ಪನಿಗೆ ಹೇಳಿದೆ. ನಕ್ಕ.

"ಅಷ್ಟೂರಿನ ಸುಲ್ತಾನರ ಗುಮ್ಮಟಕ್ಕ ಗಿಲಾವ್ ಅದ. ನಮ್ಮ ಊರಾಗ ಕುರಿ ದೊಡ್ಡಿಗೂ ಗಿಲಾವ್ ಮಾಡ್ತಾರ. ಅಕ್ಕನೋರ ದೇವರಿಗೆ ಮಾಡೂದಿಲ್ಲೇನು? ಕಡೀಕ ಮಾಡ್ತಾರ ತಗೋ. ಮೊದಲು ಹಿಂಗ ಅಂತಾರ."

"ಅಪ್ಪಾ, ಖರೇನ ಮಾಡೂದಿಲ್ಲ."

"ಹೂಂ, ಹೂಂ."

ಆ 'ಹೂಂ, ಹೂಂ' ಎಂಬುದರ ಅರ್ಥ ನನಗೆ ಗೊತ್ತಿರಬೇಕಿತ್ತು. ನಾನು ಹೆಲ್ಮೆಟ್ ಹಾಕಿಕೋ ಎಂದಾಗಲೂ ಅವನು ಹಾಗೇ ಅನ್ನುತ್ತಿದ್ದ.

ಪೂರ್ವದ ಗೋಡೆಗೆ ಕಾಂಕ್ರೀಟ್ ಹಾಕುವ ದಿನ ನಾನು ಬೆಳಗಿನ ಚಹಾ ಕೂಡ ಕುಡಿಯಲಿಲ್ಲ. ಉಸುಕು ನೋಡಿದೆ, ಖಡಿ ನೋಡಿದೆ, ನೀರು ನೋಡಿದೆ. ಹಲಗೆಗೆ ಹಚ್ಚುವ ಎಣ್ಣೆ ಸ್ವಚ್ಛವಾಗಿದೆಯೇ ಎಂದು ಬೆರಳಿಗೆ ಹಚ್ಚಿಕೊಂಡು ನೋಡಿದೆ, ಏಕೆಂದರೆ ನಮ್ಮ ಕಡೆ ಗ್ಯಾರೇಜಿನ ಕರಿ ಎಣ್ಣೆ ಹಚ್ಚುವುದೇ ರೂಢಿ. ಸಂದು ಸಂದಿಗೂ ಟಾರ್ಚ್ ಬಿಟ್ಟು ಇಣುಕಿದೆ. ಎರಡೂ ಕಡೆ ಹಲಗೆ ನಿಂತ ಮೇಲೆ ಒಳಗಿನದು ಪೂರ್ತಿ ಕಾಣುವುದಿಲ್ಲ, ಕಂಡಷ್ಟು ನೋಡಿದೆ. ಸಿಸ್ಟರ್‌ಗಳು ದೂರದಲ್ಲಿ ಸಾಲಾಗಿ ನಿಂತು ಏನೋ ಹಾಡಿದರು. ಗೌಂಡಿಗಳು ಹೊರಗೆ ತೆಂಗಿನಕಾಯಿ ಒಡೆದರು. ಸಂಜೆ ಹೊತ್ತಿಗೆ ಗೋಡೆ ತುಂಬಿತು. ಎಲ್ಲೂ ಸೋರಲಿಲ್ಲ, ಎಲ್ಲೂ ಉಬ್ಬಲಿಲ್ಲ. ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ಅಪ್ಪನನ್ನು ಸ್ಕೂಟಿ ಹಿಂದೆ ಕೂರಿಸಿಕೊಂಡು ಭಾಲ್ಕಿಗೆ ಹೊರಟೆ. ತೊಗರಿ ಹೂ ಬಿಟ್ಟಿತ್ತು, ಗಾಳಿ ತಣ್ಣಗಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಎಲ್ಲಾ ಛಲೋ ಆತಲ್ಲಪ್ಪಾ?"

"ಆಗಲಾರದೇನು? ಮೊದಲ್ನೇ ಹಲಗಿಗೆ ಇಬತ್ತಿ ಹಚ್ಚೀನಿ."

ನಾನು ಬ್ರೇಕ್ ಹಿಡಿದ ರಭಸಕ್ಕೆ ಅವನ ಹಣೆ ನನ್ನ ಹೆಲ್ಮೆಟ್ಟಿಗೆ ಬಡಿಯಿತು.

"ವಿಭೂತೀನ? ಯಾವ ಹಲಗಿಗೆ?"

"ಮೊದಲ್ನೇದಕ್ಕ ಅಂದೆನಲ್ಲ. ನಡುಮಧ್ಯದ್ದು. ನನ್ನ ಹಣಿ ಎತ್ತರಕ್ಕ."

"ಒಳಮೈಗೋ ಹೊರಮೈಗೋ?"

"ಒಳಮೈಗೇ. ಹೊರಮೈಗೆ ಹಚ್ಚಿದ್ರ ಗ್ವಾಡಿಗೆ ಏನು ಉಪಯೋಗ?"

ಆಮೇಲೆ ಕೆಳಗಿಳಿದು, ಹಣೆ ಉಜ್ಜಿಕೊಳ್ಳುತ್ತ, ನನಗೆ ಮೊದಲ ಸಲ ಬಿಡಿಸಿ ಹೇಳಿದ. ಅವನ ಗುರುವಾಗಿದ್ದ ಮೇಸ್ತ್ರಿ ಕಲಿಸಿದ್ದಂತೆ. ಯಾವುದೇ ಕೆಲಸದ ಮೊದಲ ಹಲಗೆ ನಿಲ್ಲಿಸುವ ಮುನ್ನ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಕಾಂಕ್ರೀಟ್ ತಾಗುವ ಮೈಗೆ ಎಳೆಯುವುದು. ಕಾಂಕ್ರೀಟಿನ ಹಣೆಗೆ ಹಚ್ಚಿದ ಹಾಗೆ. ಅಚ್ಚು ಬಿಚ್ಚುತ್ತಾರೆ, ಗುರುತು ಇರುತ್ತದೋ ಇಲ್ಲವೋ, ಗಿಲಾವ್ ಬರುತ್ತದೆ, ಮುಗಿಯಿತು.

"ನಾ ಯಾವ ಕೆಲಸಕ್ಕ ಹಚ್ಚಿಲ್ಲ ಹೇಳು? ನೀ ಕಲಿತ ಸಾಲಿಗೆ ಹಚ್ಚೀನಿ. ಟಪಾಲ್ ಕಚೇರಿಗೆ ಹಚ್ಚೀನಿ. ಒಂದು ಮಸೂತಿ ಸ್ಲ್ಯಾಬಿಗೂ ಹಚ್ಚೀನಿ. ಒಬ್ಬರೂ ಕಂಡಿಲ್ಲ, ಒಂದೂ ಬಿದ್ದಿಲ್ಲ."

"ಅಪ್ಪಾ, ಅವಕ್ಕೆಲ್ಲಾ ಗಿಲಾವ್ ಇತ್ತು!"

ಅವನು ನನ್ನ ಮುಖ ನೋಡಿದ. ಹಿಂದಿನ ತಿಂಗಳಿನಿಂದ ನಾನು ಹೇಳುತ್ತಿದ್ದ ಮಾತು ಆ ರಸ್ತೆಯ ಬದಿಯಲ್ಲಿ ಅವನ ತಲೆಗೆ ಹೋಯಿತು.

"ಖರೇನೇ ಮಾಡೂದಿಲ್ಲೇನು?" ಎಂದ, ಸಣ್ಣ ದನಿಯಲ್ಲಿ.

ನಾನು ಸ್ಕೂಟಿ ಮತ್ತೆ ಚಾಲೂ ಮಾಡಿದೆ.

ಸಾಮಾನ್ಯವಾಗಿ ಗೋಡೆಯ ಹಲಗೆಯನ್ನು ಬೇಗನೆ ಬಿಚ್ಚುತ್ತಾರೆ. ಬಣ್ಣ ಒಂದೇ ಸಮ ಬರಲಿ ಎಂದು ಸಾಹೇಬರು ಒಂದು ವಾರ ಬಿಡಲು ಹೇಳಿದ್ದರು. ಆ ವಾರ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಹಲಗೆಯ ಹಿಂದೆ ಗೋಡೆ ಗಟ್ಟಿಯಾಗುತ್ತಿತ್ತು, ಅದರ ನಡುಮಧ್ಯ ಏನು ಮೂಡುತ್ತಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಬಲಿಪೀಠದ ಹಿಂದೆ, ಎಲ್ಲರ ಕಣ್ಣು ಹೋಗಿ ನಿಲ್ಲುವ ಜಾಗದಲ್ಲಿ, ಮೂರು ಪಟ್ಟೆ ವಿಭೂತಿ.

ಸಾಹೇಬರ ಸಿಟ್ಟಿನ ಭಯ ಒಂದು ಕಡೆ. ಅದು ದೊಡ್ಡದಲ್ಲ, ಬೈಸಿಕೊಂಡು ಅಭ್ಯಾಸವಿದೆ. ಸಿಸ್ಟರ್‌ಗಳಿಗೆ ಹೇಗೆ ಮುಖ ತೋರಿಸಲಿ ಎಂಬುದು ಇನ್ನೊಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ ರಸ್ತೆಯ ಕಡೆಯಿಂದ ಬರುತ್ತಿತ್ತು. ಬೈಕಿನ ಮೇಲೆ ಹೋಗುವ ಕೆಲವು ಹುಡುಗರು ಆಗಾಗ ಗೇಟಿನ ಮುಂದೆ ನಿಲ್ಲಿಸುತ್ತಿದ್ದರು. "ಇದೇನು ಗೋದಾಮೇನ್ರಿ? ಒಳಗ ಏನೇನು ಮಾಡ್ತಾರ್ರಿ?" ಎಂದು ಕೇಳಿ ಫೋನ್ ಎತ್ತಿ ಫೋಟೊ ಹೊಡೆದುಕೊಳ್ಳುತ್ತಿದ್ದರು. ಚರ್ಚಿನ ಗೋಡೆಯಲ್ಲಿ ವಿಭೂತಿ ಮೂಡಿದ ಒಂದು ಫೋಟೊ ಹೊರಗೆ ಹೋದರೆ ಸಾಕು. ಒಬ್ಬರು ಪವಾಡ ಅನ್ನುತ್ತಾರೆ, ಒಬ್ಬರು ಜಾಗ ನಮ್ಮದು ಅನ್ನುತ್ತಾರೆ, ಇನ್ನೊಬ್ಬರು ನಮ್ಮ ಗುರುತಿಗೆ ಅವಮಾನವಾಯಿತು ಅನ್ನುತ್ತಾರೆ. ಆಮೇಲೆ ಗೇಟಿನ ಮುಂದೆ ಮಂದಿ ಸೇರುತ್ತಾರೆ. ಒಳಗೆ ಇರುವವರು ಕಾಂಪೌಂಡ್ ದಾಟದ ಹೆಂಗಸರು. ಇದಕ್ಕೆಲ್ಲ ನನ್ನಪ್ಪನ ಮೂರು ಬೆರಳು ಕಾರಣವಾದರೆ ಆ ಮನುಷ್ಯ ಬದುಕುವುದಿಲ್ಲ ಎಂದು ನನಗೆ ಅನ್ನಿಸಿತು.

ಸುಮ್ಮನೆ ಕೂರಲಾಗದೆ ಹಿತ್ತಲಲ್ಲಿ ಪ್ರಯೋಗ ಶುರು ಮಾಡಿದೆ. ಅದೇ ಹಲಗೆಯ ತುಂಡು, ಅದೇ ಎಣ್ಣೆ, ಅದೇ ಸಿಮೆಂಟ್. ಸಣ್ಣ ಸಣ್ಣ ಪೆಟ್ಟಿಗೆ ಮಾಡಿ ಒಳಗೆ ವಿಭೂತಿ ಎಳೆದು ಕಾಂಕ್ರೀಟ್ ತುಂಬಿದೆ. ಬಿಚ್ಚಿ ನೋಡಿದರೆ ಒಂದರಲ್ಲಿ ಬೆಳ್ಳಗೆ ಕಂಡಿತು, ಒಂದರಲ್ಲಿ ಏನೂ ಇಲ್ಲ, ಮತ್ತೊಂದರಲ್ಲಿ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಪ್ರಯೋಗದಿಂದ ಹೊಸದಾಗಿ ಸಿಕ್ಕದ್ದು ಅವ್ವನ ಬೈಗುಳ ಮಾತ್ರ.

"ದೇವರ ಜಗಲಿ ಮ್ಯಾಲಿನ ಇಬತ್ತಿ ಗಟ್ಟಿ ಎಲ್ಲಿ ಹೋತು? ಅಪ್ಪ ನೋಡಿದ್ರ ಊಟ ಬಿಟ್ಟಾನ, ಮಗಳು ನೋಡಿದ್ರ ಹಿತ್ತಲದಾಗ ಸಿಮೆಂಟ್ ಕಲಸ್ಲಾಕತ್ಯಾಳ. ಇಬ್ಬರಿಗೂ ಏನು ಬಡದದ?"

ಅಪ್ಪ ನಿಜವಾಗಿಯೂ ಊಟ ಬಿಟ್ಟಿದ್ದ. ತಟ್ಟೆಯ ಮುಂದೆ ಕೂತು ಅರ್ಧ ರೊಟ್ಟಿ ಮುರಿದು ಎದ್ದುಬಿಡುತ್ತಿದ್ದ. ನಾನು ಬೈದದ್ದಕ್ಕೋ, ತನ್ನ ಕೆಲಸ ಕೆಟ್ಟಿತು ಎಂದೋ ಕೇಳಿದರೆ ಹೇಳಲಿಲ್ಲ. ಒಮ್ಮೆ ಮಾತ್ರ, "ಅಕ್ಕನೋರಿಗೆ ಮೊದಲೇ ಹೇಳೂದು ಛಲೋ," ಎಂದ. ನನಗೂ ಹಾಗೇ ಅನ್ನಿಸಿತ್ತು. ಗೋಡೆಯಲ್ಲಿ ಮೂಡಿದ ಮೇಲೆ ಹೇಳಿದರೆ ಅದು ಸಮಜಾಯಿಷಿಯಾಗುತ್ತದೆ.

ಆಶ್ರಮದ ಹಿರಿಯರನ್ನು ಎಲ್ಲರೂ ಮದರ್ ಎನ್ನುತ್ತಿದ್ದರು. ಮಂಗಳೂರು ಕಡೆಯವರು, ತೆಳ್ಳಗೆ, ಎತ್ತರಕ್ಕೆ, ಎದುರಿನವರ ಮಾತು ಪೂರ್ತಿ ಮುಗಿಯುವವರೆಗೆ ಕಾಯುವವರು. ಧೈರ್ಯ ಕೂಡಿಸಿಕೊಂಡು ಒಂದು ಸಂಜೆ ಹೋದೆ. ಬಾಗಿಲು ತೆರೆದ ಮದರ್ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ನಕ್ಕರು. ಮೌನದ ಹೊತ್ತು ಶುರುವಾಗಿತ್ತು. ನಾನು ಕೈಮುಗಿದು ವಾಪಸು ಬಂದೆ. ಅಷ್ಟು ಕಷ್ಟಪಟ್ಟು ಕೂಡಿಸಿದ ಧೈರ್ಯ ದಾರಿಯಲ್ಲೇ ಸೋರಿಹೋಯಿತು.

ಮರುದಿನ ಬೆಳಿಗ್ಗೆ ಅವರೇ ಸೈಟಿಗೆ ಬಂದರು.

"ನಿನ್ನೆ ಎಂತ ಹೇಳಲಿಕ್ಕೆ ಬಂದಿದ್ದಿರಿ?"

"ಮದರ್, ಒಂದು ತಪ್ಪಾಗ್ಯದ್ರಿ."

"ಗೋಡೆ ವಾಲಿದೆಯಾ?"

"ಇಲ್ರಿ. ಗ್ವಾಡಿ ನೆಟ್ಟಗದ್ರಿ."

ಎಲ್ಲ ಹೇಳಿದೆ. ಅಪ್ಪ ಸ್ವಲ್ಪ ದೂರದಲ್ಲಿ ಬಲ್ಲಿಗಳನ್ನು ಸುಮ್ಮನೆ ಎತ್ತಿ ಇಡುತ್ತ, ಇಲ್ಲದ ಕೆಲಸ ಮಾಡುತ್ತಿದ್ದ. ಮದರ್ ಅವನ ಕಡೆ ಒಮ್ಮೆ ನೋಡಿದರು.

"ಈ ಗೋಡೆಗೆ ಸಾರಣೆ ಇಲ್ಲ ಅಂತ ಅವರಿಗೆ ಹೇಳಿರಲಿಲ್ಲವಾ?" ಅವರ ಕಡೆ ಗಿಲಾವಿಗೆ ಸಾರಣೆ ಎನ್ನುತ್ತಾರೆ.

"ಹೇಳಿದ್ದೆರಿ. ಅವನಿಗೆ ನಂಬಿಕಿ ಬರಲಿಲ್ರಿ."

"ನಾನೂ ನಂಬಿರಲಿಲ್ಲ. ನಕ್ಷೆ ತೋರಿಸಿದ ದಿನ, ಬಣ್ಣ ಯಾವುದು ಹಾಕುತ್ತೀರಿ ಅಂತ ಕೇಳಿದ್ದೆ."

ನನಗೆ ಸ್ವಲ್ಪ ಉಸಿರು ಬಂತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ.

"ನೋಡಿ, ನೀವು ಕಟ್ಟಿ ಹೋಗುವವರು. ಸಾಯುವವರೆಗೆ ಆ ಗೋಡೆಯ ಎದುರು ಕೂತುಕೊಳ್ಳುವವರು ನಾವು. ಬೇರೆ ಎಂತದೂ ನಾವು ನೋಡಲಿಕ್ಕಿಲ್ಲ. ಅದಕ್ಕೆ ನಾನೊಬ್ಬಳೇ ಏನೂ ಹೇಳಲಿಕ್ಕೆ ಆಗುವುದಿಲ್ಲ. ಬಿಚ್ಚಿದ ಮೇಲೆ ಎಲ್ಲರೂ ಸೇರಿ ನೋಡುವ."

ಅವರು ಹೋದ ಮೇಲೆ ಅಪ್ಪ ಬಂದು, "ಏನಂದ್ರು?" ಎಂದ. "ನೋಡೋಣ ಅಂದ್ರು," ಎಂದೆ. ಅವನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಬಿಸಿಲಿನ್ನೂ ಏರಿರಲಿಲ್ಲ.

ಬಿಚ್ಚುವ ದಿನ ಸಾಹೇಬರು ಬರಲಿಲ್ಲ, ಫೋನಿನಲ್ಲಿದ್ದರು. ಸಿಸ್ಟರ್‌ಗಳೆಲ್ಲ ಬಂದು ಬಲಿಪೀಠ ಬರಬೇಕಾದ ಜಾಗದಿಂದ ಆಚೆ ನಿಂತರು. ಕೆಲಸದವರಿಗೆ ನಾನು ಫೋನ್‌ಗಳನ್ನು ಶೆಡ್ಡಿನಲ್ಲಿ ಇಟ್ಟು ಬನ್ನಿ ಎಂದೆ. ಏಕೆ ಎಂದು ಕೇಳಿದ್ದಕ್ಕೆ, ಹೊಸ ಕಾಂಕ್ರೀಟಿಗೆ ಫೋನ್ ಆಗುವುದಿಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ. ಡಿಪ್ಲೊಮಾ ಓದಿದವಳು ಹೇಳಿದಳೆಂದು ಅವರು ನಂಬಿದರು.

ಅಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲ. ಅಂಚಿನಿಂದ ಒಂದೊಂದೇ ಹಲಗೆ ಬಿಚ್ಚುತ್ತ ಬಂದ. ಹಲಗೆ ಸರಿದ ಹಾಗೆ ಗೋಡೆ ಕಂಡಿತು. ನಾನು ಅಷ್ಟು ಚೆಂದದ ಕಾಂಕ್ರೀಟ್ ಅದಕ್ಕೂ ಮುಂಚೆ ನೋಡಿರಲಿಲ್ಲ. ಕಟ್ಟಿಗೆಯ ಎಳೆ ಎಳೆಯೂ ಮೂಡಿತ್ತು, ಗಂಟಿನ ಸುತ್ತ ಸುಳಿಯೂ ಮೂಡಿತ್ತು. ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಡುವಿನ ಹಲಗೆ ಬಂತು. ಅದು ಹಿಡಿದುಕೊಂಡಿತ್ತು. ಅಪ್ಪ ಮೊಳೆಕೀಳುವ ಸಳಿಯನ್ನು ಸಂದಿಗೆ ಕೊಟ್ಟು ಮೆಲ್ಲಗೆ ಎಬ್ಬಿಸಿದ. ಹಲಗೆ ಕೈಗೆ ಬಂತು.

ಏನೂ ಇರಲಿಲ್ಲ.

ಅಕ್ಕಪಕ್ಕದಷ್ಟೇ ಬೂದು, ಅಷ್ಟೇ ನುಣುಪು. ನಾನು ಹತ್ತಿರ ಹೋಗಿ ನೋಡಿದೆ, ಓರೆಯಾಗಿ ನೋಡಿದೆ, ಸಂದಿನ ಬೆಳಕಿಗೆ ನೋಡಿದೆ. ಏನೂ ಇರಲಿಲ್ಲ. ನಾನು ಅಲ್ಲೇ ಸಿಮೆಂಟ್ ಚೀಲದ ಮೇಲೆ ಕೂತುಬಿಟ್ಟೆ. ಅಪ್ಪ ಮಾತ್ರ ಗೋಡೆಗೆ ಅಂಗೈ ಇಟ್ಟು ಸವರುತ್ತ ನಿಂತಿದ್ದ. ಸಮಾಧಾನವಾಗಿರಬೇಕು ಎಂದುಕೊಂಡೆ. ಅವನ ಮುಖದಲ್ಲಿ ಅದಿರಲಿಲ್ಲ. ಏನೋ ಕಳಕೊಂಡವರು ಹುಡುಕುವ ಹಾಗೆ ಸವರುತ್ತಿದ್ದ.

"ಬಂದಿಲ್ಲ," ಎಂದ, ನನಗಷ್ಟೇ ಕೇಳುವಂತೆ.

ಬಿಚ್ಚಿದ ಗೋಡೆಗೆ ನೀರು ಹೊಡೆಯಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ನಾನೇ ಪೈಪ್ ತರಿಸಿದೆ, ನಾನೇ ನೀರು ಬಿಡು ಎಂದೆ. ನೀರು ಮೇಲಿನಿಂದ ಇಳಿಯಿತು. ಒಣಗಿದ ಗೋಡೆ ನೀರು ಕುಡಿದು ಕಪ್ಪಗಾಗುತ್ತ ಬಂತು. ನಡುವೆ, ಅಪ್ಪನ ಹಣೆಯ ಎತ್ತರಕ್ಕೆ, ಮೂರು ಪಟ್ಟೆ ಮಾತ್ರ ಕಪ್ಪಾಗಲಿಲ್ಲ. ಬೂದಿ ತಾಗಿದ್ದ ಕಡೆ ಕಾಂಕ್ರೀಟ್ ನೀರು ಕುಡಿಯಲಿಲ್ಲ. ಸುತ್ತಲೂ ಕರಿ ಗೋಡೆ, ನಡುವೆ ಮೂರು ಬಿಳಿ ಗೆರೆ, ಒಂದೊಂದರ ಕೊನೆಯಲ್ಲಿ ಬೆರಳು ಎತ್ತಿದ ಗುರುತು ಕೂಡ.

ಪೈಪ್ ಹಿಡಿದವನು ಕೈಬಿಟ್ಟ. ನೀರು ನೆಲದ ಮೇಲೆ ಹರಿಯಿತು. ಅಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ನಿಂತ. ಒಬ್ಬ ಎಳೆಯ ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅದು ಭಯಕ್ಕೋ ಭಕ್ತಿಗೋ ನನಗೆ ತಿಳಿಯಲಿಲ್ಲ. ನಾವೆಲ್ಲ ನೋಡುತ್ತಿದ್ದಂತೆ ಬಿಸಿಲ ಝಳಕ್ಕೆ ಗೋಡೆ ಒಣಗತೊಡಗಿತು. ಗೆರೆಗಳು ಮಸುಕಾದವು, ಆಮೇಲೆ ಇಲ್ಲವಾದವು.

ಫೋನಿನಲ್ಲಿ ಎಲ್ಲ ಕೇಳಿದ ಸಾಹೇಬರು ಸಿಟ್ಟಾಗಲಿಲ್ಲ, ಅದು ನನಗೆ ಇನ್ನೂ ಹೆದರಿಕೆ ತಂದಿತು. ನೀರು ಹಿಡಿಯದಂತೆ ಮಾಡುವ ಒಂದು ದ್ರಾವಣವಿದೆ, ಬಣ್ಣವಿಲ್ಲದ್ದು, ಗೋಡೆ ಪೂರ್ತಿ ಒಣಗಿದ ಮೇಲೆ ಎರಡು ಕೈ ಬಳಿದರೆ ಮುಂದೆ ಎಂದೂ ಕಾಣುವುದಿಲ್ಲ ಎಂದರು. ನಾನು ಮದರ್‌ಗೆ ಹೇಳಿದೆ. ಅವರು ನನಗೆ ಉತ್ತರ ಕೊಡದೆ ನೇರ ಅಪ್ಪನ ಹತ್ತಿರ ಹೋದರು.

"ನೀವು ಎಂತ ಹೇಳುತ್ತೀರಿ?"

ಅಪ್ಪ ಎತ್ತಿದ ತಲೆ ಮತ್ತೆ ತಗ್ಗಿಸಿದ. "ಅಕ್ಕನೋರೆ, ಅದು ಮಂದಿ ನೋಡ್ಲಿ ಅಂತ ಹಚ್ಚಿದ್ದಲ್ರಿ. ಗ್ವಾಡಿ ನಿಲ್ಲಲಿ ಅಂತ ಹಚ್ಚಿದ್ದು. ನಮ್ಮ ಕಡಿ ಅದು ಯಾವಾಗಲೂ ಗಿಲಾವಿನ ಒಳಗೇ ಇರ್ತದ್ರಿ. ನೀವು ಮುಚ್ಚಿದ್ರ ಅದಕ್ಕೇನೂ ಕಡಿಮಿ ಆಗೂದಿಲ್ರಿ. ಮುಚ್ರಿ."

ಸಿಸ್ಟರ್‌ಗಳು ಅಂದು ಸೇರಿ ಕೂತರು. ನಮಗೆ ಮರುದಿನದವರೆಗೆ ಕಾಯುವ ಶಿಕ್ಷೆ. ಅಪ್ಪ ಅವತ್ತು ಅರ್ಧ ರೊಟ್ಟಿಯನ್ನೂ ಮುರಿಯಲಿಲ್ಲ.

ಬೆಳಿಗ್ಗೆ ಮದರ್ ಬಂದು ಹೇಳಿದ್ದು ಇಷ್ಟು: "ನಮ್ಮಲ್ಲಿ ಇಬ್ಬರಿಗೆ ಮನಸ್ಸಿರಲಿಲ್ಲ. ಮಾತಾಡಿದೆವು. ಈಗ ಎಲ್ಲರದ್ದೂ ಒಂದೇ. ದ್ರಾವಣ ಬೇಡ. ಒಣಗಿದ ಗೋಡೆ ತಾನೇ ಮುಚ್ಚಿಕೊಂಡಿದೆ. ಒಳಗಿನ ಗೋಡೆಗೆ ಯಾರು ನೀರು ಹೊಯ್ಯುತ್ತಾರೆ? ಇನ್ನು ಅದು ಕಾಣಬೇಕಾದರೆ ಮಾಡು ಸೋರಬೇಕು." ಆಮೇಲೆ ಅಪ್ಪನ ಕಡೆ ತಿರುಗಿ, "ಮಾಡಿಗೆ ಹಲಗೆ ಕಟ್ಟುವವರೂ ನೀವೇ ಅಲ್ಲವಾ?" ಎಂದರು.

ಮಾಡು ಅಂದರೆ ಮಾಳಿಗೆ ಎಂದು ಅಪ್ಪನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಆ ವಾರದಲ್ಲಿ ಮೊದಲ ಸಲ ನಕ್ಕ.

"ನನ್ನ ಮಾಳಿಗಿ ಸೋರೂದಿಲ್ರಿ, ಅಕ್ಕನೋರೆ."

ಅಪ್ಪ ನಿಶ್ಚಿಂತನಾದ. ಚಿಂತೆ ಪೂರ್ತಿ ನನ್ನ ಪಾಲಿಗೆ ಬಂತು. ಮಡಚಿದ ಮಾಳಿಗೆ, ಹತ್ತಾರು ಮೂಲೆ, ಪ್ರತಿ ಮೂಲೆಯಲ್ಲೂ ಮಳೆ ನೀರಿಗೆ ಒಂದು ಅವಕಾಶ. ಒಂದು ಹನಿ ಒಳಗೆ ಬಂದರೆ ಸಾಕು, ಗೋಡೆ ಸಾಕ್ಷಿ ಹೇಳುತ್ತದೆ. ಚರ್ಚು ಮುಗಿಯಿತು, ಬೀದರಿನಿಂದ, ಕಲಬುರಗಿಯಿಂದ ಜನ ಬಂದು ಪ್ರತಿಷ್ಠೆಯೂ ಆಯಿತು. ಅವರ ಜಾಗವನ್ನು ಬೇರೆ ಮಾಡುವ ಒಂದು ಕಟಕಟೆಯಿತ್ತು, ಸಿಸ್ಟರ್‌ಗಳು ಅದರ ಆಚೆ, ನಾವು ಈಚೆ. ಎಲ್ಲರೂ ಬೆಳಕನ್ನು ಹೊಗಳಿದರು. ನಾನು ಮಾಳಿಗೆಯ ಮೂಲೆಗಳನ್ನು ನೋಡುತ್ತ ಕೂತಿದ್ದೆ.

ಆಮೇಲೆ ಪ್ರತಿ ಮಳೆಗಾಲ ನಮ್ಮ ಮನೆಯಲ್ಲಿ ಒಂದು ಪದ್ಧತಿಯಾಯಿತು. ಜೋರು ಮಳೆ ಹೊಡೆದ ಮರುದಿನ ಅಪ್ಪ ಚಹಾದ ಕಪ್ಪು ಹಿಡಿದು, "ಅಕ್ಕನೋರ ಕಡಿಂದ ಫೋನ್ ಬಂತೇನು?" ಎಂದು ಕೇಳುತ್ತಿದ್ದ. "ಇಲ್ಲಪ್ಪಾ," ಎಂದರೆ ಬೀಗುತ್ತಿದ್ದ. ನಾನು ಉಸಿರು ಬಿಡುತ್ತಿದ್ದೆ.

ಈ ವರ್ಷ ಮಳೆ ಶುರುವಾದ ಹೊತ್ತಿಗೆ ಅಪ್ಪ ತೀರಿಕೊಂಡ. ಬೆಳಗಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾಕ್ಕೆ ಕಾಯುತ್ತ ಕೂತವನು ಹಾಗೇ ಗೋಡೆಗೆ ಒರಗಿದ. ಮೆಹಕರದ ಹೊಲದಲ್ಲಿ ನಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟೆವು. ಆಶ್ರಮಕ್ಕೆ ಸುದ್ದಿ ತಿಳಿಸಿದೆ. ಪ್ರಾರ್ಥಿಸುತ್ತಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂತು. ಅವರು ಬರುವವರಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೂ, ಹೊಲದಲ್ಲಿ ನಿಂತಾಗ ದಾರಿಯ ಕಡೆ ಒಂದೆರಡು ಸಲ ನೋಡಿದೆ.

ಕೆಲವು ದಿನ ಕಳೆದು, ಎರಡು ದಿನ ಬಿಡದೆ ಸುರಿದ ಮಳೆಯ ಮಧ್ಯೆ, ಬೆಳಿಗ್ಗೆ ಫೋನ್ ಬಂತು. ಮದರ್.

"ಒಮ್ಮೆ ಬರಲಿಕ್ಕೆ ಆಗುತ್ತದಾ? ಗೋಡೆಯ ವಿಷಯ."

ಅವರು ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ನಾನು ಸ್ಕೂಟಿ ತೆಗೆದೆ. ರೇನ್‌ಕೋಟಿನ ಗುಂಡಿಯನ್ನೂ ಹಾಕಿಕೊಳ್ಳಲಿಲ್ಲ. ಮಾಂಜ್ರಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೋರಿದೆ, ಕೊನೆಗೂ ಸೋರಿದೆ ಎಂದುಕೊಳ್ಳುತ್ತ ಹೋದೆ. ಉತ್ತರದ ಮೂಲೆಯೇ ಇರಬೇಕು, ಅಲ್ಲಿ ಕಾಂಕ್ರೀಟ್ ನಿಲ್ಲಿಸಿ ಮರುದಿನ ಮುಂದುವರಿಸಿದ್ದೆವು. ಅಪ್ಪ ಸತ್ತು ತಿಂಗಳಾಗಿಲ್ಲ, ಅವನ ಮಾಳಿಗೆ ಸೋರಿತು. ಇನ್ನು ಯಾರು ಸರಿಮಾಡುತ್ತಾರೆ, ಅವನನ್ನು ಯಾರು ಕೇಳಲಿ? ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ಸೋರೂದಿಲ್ಲ ಅಂದಿದ್ದೆಲ್ಲಪ್ಪಾ," ಎಂದು ಜೋರಾಗಿಯೇ ಹೇಳಿದೆ. ಮಳೆಯಲ್ಲಿ ನನಗೇ ಕೇಳಿಸಲಿಲ್ಲ.

ಚರ್ಚಿನೊಳಗೆ ಹೋದವಳೇ ಮೇಲೆ ನೋಡಿದೆ. ಉತ್ತರದ ಮೂಲೆ ಒಣಗಿತ್ತು. ದಕ್ಷಿಣದ್ದೂ ಒಣಗಿತ್ತು. ಮಡಿಕೆ ಮಡಿಕೆಯನ್ನೂ ಹುಡುಕಿದೆ. ನೆಲದ ಮೇಲೆ ನನ್ನ ರೇನ್‌ಕೋಟಿನಿಂದ ಬಿದ್ದ ನೀರು ಬಿಟ್ಟರೆ ಹನಿ ಇರಲಿಲ್ಲ. ಪೂರ್ವದ ಗೋಡೆ ಬೂದು ಬಣ್ಣದಲ್ಲಿ ಸುಮ್ಮನೆ ನಿಂತಿತ್ತು.

ಸಿಸ್ಟರ್‌ಗಳೆಲ್ಲ ಅದರ ಮುಂದೆ ಇದ್ದರು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರ ಕೈಯಲ್ಲಿ ಬಿಳಿ ಬಟ್ಟೆ, ಕಾಲ ಬಳಿ ಒಂದು ಬಕೆಟ್ಟು ನೀರು.

"ಸೋರಿಲ್ಲಲ್ರಿ, ಮದರ್?" ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದೇ.

"ಇಲ್ಲ. ಸೋರಲಿಲ್ಲ." ಮದರ್ ಕಟಕಟೆಯ ಹತ್ತಿರ ಬಂದು ನನ್ನ ಒದ್ದೆ ಕೈ ಹಿಡಿದರು. "ನಾವು ಮಣ್ಣಿಗೆ ಬರಲಿಕ್ಕಿಲ್ಲ, ನಿಮಗೆ ಗೊತ್ತುಂಟು. ಅವರ ಮುಖ ನೋಡಲಿಕ್ಕೆ ಆಗಲಿಲ್ಲ. ನೀವು ಇಲ್ಲದೆ ಮಾಡುವುದು ಸರಿಯಲ್ಲ ಅಂತ ಕರೆದದ್ದು."

ಹಿರಿಯ ಸಿಸ್ಟರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಗೋಡೆಯ ನಡುವೆ ಒರೆಸಿದರು. ಕಾಯಿಲೆಯವರ ಹಣೆ ಒರೆಸುವಷ್ಟು ಮೆಲ್ಲಗೆ. ಗೋಡೆ ಕಪ್ಪಾಯಿತು. ಅಪ್ಪನ ಮೂರು ಬೆರಳು ಬಂದವು.

ನನ್ನೊಳಗೆ ಅಷ್ಟು ದಿನ ಗಟ್ಟಿಯಾಗಿ ಕೂತಿದ್ದದ್ದು ಒಡೆಯಿತು. ಮಣ್ಣು ಕೊಡುವಾಗಲೂ ಹಾಗೆ ಅತ್ತಿರಲಿಲ್ಲ. ಸಿಸ್ಟರ್‌ಗಳು ಒಬ್ಬೊಬ್ಬರಾಗಿ ಬಂದು ಆ ಗೆರೆಗಳಿಗೆ ಅಂಗೈ ತಾಗಿಸಿ ಹೋದರು. ಅಪ್ಪ ಬದುಕಿದ್ದಾಗ ಅವನ ಹಣೆ ಅಷ್ಟೇ ಎತ್ತರಕ್ಕಿತ್ತು. ಗಿಡ್ಡನೆಯ ಒಬ್ಬ ಸಿಸ್ಟರ್ ತುದಿಗಾಲ ಮೇಲೆ ನಿಲ್ಲಬೇಕಾಯಿತು. ಕೊನೆಗೆ ಮದರ್ ಕಟಕಟೆಯ ಚಿಲಕ ತೆಗೆದು ನನ್ನನ್ನು ಒಳಗೆ ಬಿಟ್ಟರು. ನಾನೂ ಕೈಯಿಟ್ಟೆ. ಗೋಡೆ ತಣ್ಣಗಿತ್ತು.

ಪ್ರಾರ್ಥನೆಯ ಗಂಟೆಯಾಗಿ ಅವರೆಲ್ಲ ತಮ್ಮ ಜಾಗಗಳಿಗೆ ಹೋಗಿ ಕೂತರು. ಯಾರೂ ನನ್ನನ್ನು ಹೋಗು ಅನ್ನಲಿಲ್ಲ. ಗೋಡೆ ಒಣಗುವವರೆಗೆ ಇದ್ದು ಹೋಗೋಣ ಎಂದು ನಿಂತೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಆ ತೇವದ ದಿನ ಗೋಡೆ ಒಣಗಲು ಬಹಳ ಹೊತ್ತು ಹಿಡಿಯಿತು.